ನೇತ್ರಾಣಿಗೆ ಹೊರಟವರಿಗೆ: ಸ್ಕೂಬಾ ಒಂದು ದಿನದ ಕಲಿಕೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೇತ್ರಾಣಿ ದ್ವೀಪದ ಕುರಿತ ಬರಹ ಓದಿ ಸಂತೋಷವಾಯಿತು. ಮುರ್ಡೇಶ್ವರದ ಎದುರಿನ ಕಡಲಿನ ಒಳಗೆ ಏನಿದೆ ಎಂಬುದನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ. ಆದರೆ ಅದರಲ್ಲಿದ್ದ ಒಂದು ಮಾತು ಎರಡು ದಿನ ನನ್ನ ತಲೆಯಲ್ಲೇ ಕುಳಿತಿತ್ತು. ಈಜು ಬಾರದವರೂ ಅಲ್ಲಿ ಒಂದೇ ದಿನದಲ್ಲಿ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನೊಳಗೆ ಇಳಿಯುವುದು) ಕಲಿತು ಬರಬಹುದು ಎಂದು ಬರೆದಿದ್ದರು. ಈಜು ಬಾರದವರೂ ಹೋಗಿ ನೋಡಿ ಬರಬಹುದು, ಅದು ನಿಜ. ಕಲಿತು ಬರುವುದು ಮಾತ್ರ ಸಾಧ್ಯವಿಲ್ಲ. ಇದನ್ನು ಬಿಡಿಸಿ ಹೇಳಲೆಂದು ಈ ಪತ್ರ. ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ನಾನು ಶಿರಸಿಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವವಳು. ವಯಸ್ಸು 47. ಈಜು ಬಂದದ್ದು ತವರಿನ ಅಡಿಕೆ ತೋಟದ ಕೆರೆಯಲ್ಲಿ, ಅಣ್ಣಂದಿರ ಬೆನ್ನು ಹತ್ತಿ. ಸ್ಕೂಬಾ ಕಲಿತದ್ದು ಮೂರು ವರ್ಷದ ಹಿಂದೆ, ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ. ಆ ದ್ವೀಪಕ್ಕೆ ಈಗ ಸ್ವರಾಜ್ ದ್ವೀಪ ಎಂಬ ಹೆಸರಿದೆ. ಇಲ್ಲಿಯವರೆಗೆ ಮಾಡಿರುವುದು 31 ಡೈವ್. ಕಡಲಿನ ಲೆಕ್ಕದಲ್ಲಿ ಇದು ತೀರಾ ಕಡಿಮೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹೊಸಬರು ಎಲ್ಲೆಲ್ಲಿ ಎಡವುತ್ತಾರೆ ಎಂಬುದು ಇನ್ನೂ ಹೊಸಬಳಾಗಿರುವ ನನಗೆ ಚೆನ್ನಾಗಿ ನೆನಪಿದೆ.

ನೇತ್ರಾಣಿಗೆ ಹೋಗುವ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಮಾಡುವುದು ಪರಿಚಯದ ಡೈವ್. ಬೋಟಿನಲ್ಲಿ ಅಥವಾ ದಡದಲ್ಲಿ ಅರ್ಧ ಗಂಟೆ ವಿವರಣೆ. ಆಮೇಲೆ ತರಬೇತುದಾರ ನಿಮ್ಮ ಬೆನ್ನಿನ ಸಿಲಿಂಡರನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾನೆ. ತೇಲುವುದನ್ನೂ ಮುಳುಗುವುದನ್ನೂ ಹದಗೊಳಿಸುವ ಜಾಕೆಟ್‌ಗೆ ಗಾಳಿ ತುಂಬುವುದು, ಬಿಡುವುದು, ಆಳ ನೋಡುವುದು, ಗಾಳಿ ಎಷ್ಟು ಉಳಿದಿದೆ ಎಂದು ನೋಡುವುದು, ದಿಕ್ಕು ಹಿಡಿಯುವುದು, ಎಲ್ಲವೂ ಅವನ ಕೆಲಸ. ನಿಮ್ಮ ಕೆಲಸ ಉಸಿರಾಡುವುದು ಮತ್ತು ನೋಡುವುದು. ಇದಕ್ಕೆ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳು ಇಟ್ಟಿರುವ ಮಿತಿ 12 ಮೀಟರ್. ಇದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ನನ್ನ ಅತ್ತಿಗೆ ಹಾಗೆ ಇಳಿದು ಗಿಳಿಮೀನುಗಳು ಹವಳವನ್ನು ಕಟಕಟ ಕೆರೆಯುವ ಸದ್ದು ಕೇಳಿ ಬಂದು, ಅದನ್ನು ಹೇಳುವಾಗ ಈಗಲೂ ಕಣ್ಣು ತುಂಬಿಕೊಳ್ಳುತ್ತಾರೆ. ಆದರೆ ಆ ದಿನದ ಡೈವ್ ಮಾಡಿದವನು ತರಬೇತುದಾರ. ಅತ್ತಿಗೆ ಅವನ ಜೊತೆ ಹೋದವರು.

ಸ್ವಂತ ಕಾಲಿನ ಮೇಲೆ ನಿಲ್ಲುವ ಮೊದಲ ಹಂತಕ್ಕೆ ಓಪನ್ ವಾಟರ್ ಎನ್ನುತ್ತಾರೆ. ಪ್ಯಾಡಿ, ಎಸ್‌ಎಸ್‌ಐ ಮುಂತಾದ ತರಬೇತಿ ಸಂಸ್ಥೆಗಳ ಪಠ್ಯದಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಸಾರ ಒಂದೇ. ನಾನು ಸೇರಿದ ಕೋರ್ಸ್‌ನಲ್ಲಿ ಮೊದಲು ನಿಲ್ಲದೆ 200 ಮೀಟರ್ ಈಜಬೇಕಿತ್ತು, ಯಾವ ಆಧಾರವೂ ಇಲ್ಲದೆ ಹತ್ತು ನಿಮಿಷ ತೇಲಬೇಕಿತ್ತು. ಪಾಠ ಓದಿ ಪರೀಕ್ಷೆ ಬರೆಯಬೇಕಿತ್ತು. ಎದೆಮಟ್ಟದ ನೀರಿನಲ್ಲಿ ಒಂದೊಂದೇ ಕೌಶಲ ಕಲಿತು, ಆಮೇಲೆ ಕಡಲಿನಲ್ಲಿ ನಾಲ್ಕು ಡೈವ್. ಎಲ್ಲಕ್ಕೂ ನಾಲ್ಕು ದಿನ ಹಿಡಿಯಿತು. ಪಾಸಾದವರಿಗೆ ಸಿಗುವ ಕಾರ್ಡ್ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯಲು ಅವಕಾಶ ಕೊಡುತ್ತದೆ.

ಆ ಕೌಶಲಗಳಲ್ಲಿ ನನ್ನನ್ನು ಅಳಿಸಿದ್ದು ಮಾಸ್ಕ್. ನೀರಿನ ಅಡಿಯಲ್ಲಿ ಮೊಣಕಾಲೂರಿ ಕುಳಿತು ಮಾಸ್ಕನ್ನು ಪೂರ್ತಿ ತೆಗೆದು, ಒಂದು ನಿಮಿಷ ಹಾಗೆಯೇ ಉಸಿರಾಡಿ, ಮತ್ತೆ ಹಾಕಿಕೊಂಡು ಒಳಗಿನ ನೀರು ಹೊರಹಾಕಬೇಕು. ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಇದೆ, ಗಾಳಿ ಬರುತ್ತಿದೆ, ಬುದ್ಧಿಗೆ ಎಲ್ಲ ಗೊತ್ತು. ಆದರೆ ಮೂಗಿಗೆ ಉಪ್ಪುನೀರು ತಾಗಿದ ಕೂಡಲೇ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊದಲ ಸಲ ನಾನು ದಡಬಡಿಸಿ ಎದ್ದು ನಿಂತೆ. ಎರಡನೆಯ ಸಲವೂ ಎದ್ದೆ. ತರಬೇತುದಾರ ಬೈಯಲಿಲ್ಲ. ದಡಕ್ಕೆ ಕರೆದುಕೊಂಡು ಹೋಗಿ ಒಂದು ಬಕೆಟ್ ನೀರು ತರಿಸಿ, ಅದರಲ್ಲಿ ಮುಖ ಅದ್ದಿಸಿ, ಮಾಸ್ಕ್ ಇಲ್ಲದೆ ಸ್ನಾರ್ಕೆಲ್ ಎಂಬ ಉಸಿರುಕೊಳವೆಯಿಂದ ಉಸಿರಾಡಿಸಿದ. ಇಪ್ಪತ್ತು ನಿಮಿಷ. ಬಾಯಿಯ ಉಸಿರು ಬೇರೆ, ಮೂಗು ಬೇರೆ ಎಂದು ದೇಹಕ್ಕೆ ಅರ್ಥವಾದ ಮೇಲೆ ಮತ್ತೆ ಇಳಿದೆವು. ಮಾಸ್ಕಿನ ಮೇಲಂಚನ್ನು ಎರಡು ಬೆರಳಿನಿಂದ ಹಣೆಗೆ ಒತ್ತಿ ಹಿಡಿದು, ತಲೆ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಉದ್ದಕ್ಕೆ ಗಾಳಿ ಬಿಟ್ಟಾಗ ನೀರು ಕೆಳಗಿನಿಂದ ಸರಸರ ಇಳಿದುಹೋಯಿತು. ಕಣ್ಣು ತೆರೆದರೆ ಎದುರಿಗೆ ಅವನ ಚಪ್ಪಾಳೆ, ಸದ್ದಿಲ್ಲದೆ. ಒಂದೇ ದಿನದ ಡೈವ್‌ನಲ್ಲಿ ಈ ಬಕೆಟ್‌ಗೆ ಸಮಯ ಎಲ್ಲಿದೆ?

ಇನ್ನೊಂದು ವಿಷಯವನ್ನು ಮೇಷ್ಟರ ಹಟದಿಂದಲೇ ಹೇಳುತ್ತೇನೆ. ಬೆನ್ನಿಗಿರುವುದು ಆಕ್ಸಿಜನ್ ಸಿಲಿಂಡರ್ ಎಂದು ಎಲ್ಲರೂ ಬರೆಯುತ್ತಾರೆ. ನಿಮ್ಮ ಪುರವಣಿಯಲ್ಲೂ ಹಾಗೆಯೇ ಬಂದಿದೆ. ಅದರೊಳಗಿರುವುದು ನಾವು ಈಗ ಉಸಿರಾಡುತ್ತಿರುವ ಮಾಮೂಲಿ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಆರು ಮೀಟರ್‌ಗಿಂತ ಕೆಳಗೆ ನಂಜಾಗುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಕೆಳಗೆ ಎದೆ ತುಂಬ ಎಳೆದುಕೊಂಡ ಉಸಿರು ಮೇಲೆ ಬರುವಾಗ ಎರಡರಷ್ಟಾಗಲು ಹೊರಡುತ್ತದೆ. ಆಗ ಉಸಿರು ಬಿಗಿಹಿಡಿದವರ ಶ್ವಾಸಕೋಶ ಹರಿಯಬಹುದು, ಪ್ರಾಣವೇ ಹೋಗಬಹುದು. ನೀರು ಎಂದ ಕೂಡಲೇ ಉಸಿರು ಬಿಗಿಹಿಡಿಯುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಸ್ಕೂಬಾದ ಮೊದಲ ನಿಯಮ ಅದಕ್ಕೆ ನೇರ ವಿರುದ್ಧ: ಉಸಿರಾಟ ಎಂದೂ ನಿಲ್ಲಬಾರದು. ಒತ್ತಡ ಇಳಿದಂತೆ ಗಾಳಿ ಹಿಗ್ಗುತ್ತದೆ ಎನ್ನುವ ಬಾಯ್ಲನ ನಿಯಮವನ್ನು ತರಗತಿಯಲ್ಲಿ ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದರೂ ಅದು ನನ್ನ ಎದೆಗೆ ಇಳಿಯಲು ಕಡಲೇ ಬೇಕಾಯಿತು.

ಈಗ ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಕಾರ್ಡ್ ಸಿಕ್ಕ ಮೇಲೆ ನಾನು ದೊಡ್ಡ ತಪ್ಪು ಮಾಡಿದೆ. ಕಾರ್ಡನ್ನು ಅನುಭವ ಎಂದುಕೊಂಡೆ.

ನನ್ನ ಆರನೇ ಡೈವ್ ಬೇರೊಂದು ಊರಿನಲ್ಲಿ. ಬೋಟಿನಲ್ಲಿ ಉಳಿದ ಐವರೂ ನುರಿತವರು. ಹೋಗುವ ಜಾಗ 26 ಮೀಟರ್ ಆಳದ್ದು, ಅಂದರೆ ನನ್ನ ಕಾರ್ಡಿನ ಮಿತಿಗಿಂತ ಎಂಟು ಮೀಟರ್ ಹೆಚ್ಚು. ಅಲ್ಲಿನವರು ನನ್ನ ಕಾರ್ಡನ್ನು ನೋಡಿದರು, ಆದರೆ ಅದರಲ್ಲಿ ಏನಿದೆ ಎಂದು ಓದಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಐದು ಜನರ ದಿನವನ್ನು ನಾನೊಬ್ಬಳು ಹಾಳು ಮಾಡಬಾರದು ಎಂಬ ಸಂಕೋಚ. ಕೆಳಗೆ ನೀರಿನ ಸೆಳೆತ ಜೋರಾಗಿತ್ತು. ಅವರ ಹಿಂದೆ ಉಳಿಯಲು ಕಾಲು ಬಡಿದೆ, ಬಡಿದಷ್ಟೂ ಉಸಿರು ಹೆಚ್ಚಿತು. ಹದಿನಾಲ್ಕನೇ ನಿಮಿಷಕ್ಕೆ ಸಿಲಿಂಡರಿನ ಒತ್ತಡ ತೋರಿಸುವ ಮೀಟರ್ ನೋಡಿದರೆ ಮುಳ್ಳು 70 ಬಾರ್‌ನಲ್ಲಿತ್ತು (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ). ಇಳಿಯುವಾಗ 200 ಇತ್ತು.

ಲೆಕ್ಕ ಬಲು ಸರಳ. ಸಾಮಾನ್ಯವಾಗಿ ಬಳಸುವ ಸಿಲಿಂಡರ್ 11 ಲೀಟರಿನದು. 200 ಬಾರ್ ತುಂಬಿದರೆ 2200 ಲೀಟರ್ ಗಾಳಿ. ಕೊನೆಯ 50 ಬಾರ್ ಆಪತ್ತಿಗೆಂದು ಮೀಸಲು, ಅದನ್ನು ಬಿಟ್ಟರೆ ಉಳಿಯುವುದು 1650. ಶಾಂತವಾಗಿರುವ ಒಬ್ಬರಿಗೆ ದಡದಲ್ಲಿ ನಿಮಿಷಕ್ಕೆ 20 ಲೀಟರ್ ಸಾಕು ಎಂದುಕೊಳ್ಳೋಣ. ಒತ್ತಡ ಎರಡರಷ್ಟಿರುವ ಹತ್ತು ಮೀಟರ್ ಕೆಳಗೆ ಅದು 40 ಆಗುತ್ತದೆ, ನಾಲ್ಕರಷ್ಟಿರುವ ಮೂವತ್ತು ಮೀಟರ್ ಕೆಳಗೆ 80. ಅಂದರೆ ಹತ್ತು ಮೀಟರ್‌ನಲ್ಲಿ 41 ನಿಮಿಷ ಇರಬಲ್ಲವರು ಮೂವತ್ತರಲ್ಲಿ 20 ನಿಮಿಷವಷ್ಟೇ ಇರಬಲ್ಲರು. ಹೊಸಬರು, ಹೆದರಿದವರು ಇನ್ನೂ ಹೆಚ್ಚು ಎಳೆಯುತ್ತಾರೆ. ಈ ಲೆಕ್ಕ ನನಗೆ ಗೊತ್ತಿತ್ತು. ಬೋಟಿನ ಮೇಲೆ ಕುಳಿತು ಮಾಡಬೇಕಿದ್ದ ಲೆಕ್ಕವನ್ನು ಮಾಡದೆ ಇಳಿದಿದ್ದೆ.

ಗೈಡ್‌ಗೆ ಮೀಟರ್ ತೋರಿಸಿದಾಗ ಅವನ ಕಣ್ಣು ಅಗಲವಾದದ್ದು ಮಾಸ್ಕಿನೊಳಗಿನಿಂದಲೇ ಕಂಡಿತು. ತನ್ನ ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್ ನನಗೆ ಕೊಟ್ಟು, ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ನಿಧಾನವಾಗಿ ಮೇಲೆ ತಂದ. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತೆವು. ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲಿ ಎಂದು ಪ್ರತಿ ಡೈವ್‌ನ ಕೊನೆಗೂ ಹೀಗೆ ನಿಲ್ಲಬೇಕು. ಆ ಮೂರು ನಿಮಿಷ ನಾನು ಅವನ ಕೈಗಡಿಯಾರವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ದೇಹಕ್ಕೆ ಏನೂ ಆಗಲಿಲ್ಲ. ಆದರೆ ಐದು ತಿಂಗಳು ಕಡಲಿನ ಕಡೆ ಹೋಗಲಿಲ್ಲ. ರಾತ್ರಿ ಮಲಗಿದರೆ 70ರ ಮೇಲಿನ ಮುಳ್ಳು ಕಾಣುತ್ತಿತ್ತು.

ತಪ್ಪು ಅವರದೂ ಹೌದು, ನನ್ನದೂ ಹೌದು. ಡೈವಿಂಗ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಯಾರು ಬೇಕಾದರೂ, ಯಾವ ಕ್ಷಣದಲ್ಲಿ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ ಎಂದರ್ಥ, ಜೊತೆಗಾರ ಪ್ರಶ್ನೆ ಕೇಳುವಂತಿಲ್ಲ. ಈ ಹೆಬ್ಬೆರಳನ್ನು ಬೋಟಿನ ಮೇಲೂ ಎತ್ತಬಹುದು, ಮನೆಯಲ್ಲಿರುವಾಗಲೂ ಎತ್ತಬಹುದು. ನಮ್ಮ ಹೆಣ್ಣುಮಕ್ಕಳಿಗೆ, ಅದರಲ್ಲೂ ನಲವತ್ತು ದಾಟಿದವರಿಗೆ, ಇದು ಮಾಸ್ಕ್ ತೆಗೆಯುವುದಕ್ಕಿಂತ ಕಷ್ಟ. ಬೇರೆಯವರಿಗೆ ತೊಂದರೆ ಕೊಡಬಾರದು ಎಂದು ಬೆಳೆದವರು ನಾವು.

ಮರಳಿ ಕಲಿತದ್ದು ನೇತ್ರಾಣಿಯಲ್ಲಿ. ಕಲಿಸಿದವನು ಕರಾವಳಿಯ ಮೀನುಗಾರರ ಮನೆಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. ನನ್ನ ಕಥೆಯೆಲ್ಲ ಕೇಳಿ ಅವನು ಹೇಳಿದ್ದು ಇಷ್ಟು: "ಅಕ್ಕಾ, ನೀವು ಈಜುವುದನ್ನು ಬಿಡಿ. ಮೊದಲು ನಿಲ್ಲುವುದನ್ನು ಕಲಿಯಿರಿ." ಎರಡು ದಿನ, ನಾಲ್ಕು ಡೈವ್, ಎಂಟು ಮೀಟರ್‌ಗಿಂತ ಕೆಳಗೆ ಹೋಗಲೇ ಇಲ್ಲ. ಲಂಗರಿನ ಹಗ್ಗದ ಪಕ್ಕದಲ್ಲಿ, ಹಗ್ಗವನ್ನು ಮುಟ್ಟದೆ, ಮೇಲೂ ಹೋಗದೆ ಕೆಳಗೂ ಇಳಿಯದೆ ನಿಲ್ಲಬೇಕು. ಕೈ ಆಡಿಸಬಾರದು. ಉಸಿರು ಒಳಗೆ ತೆಗೆದುಕೊಂಡರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಅದೂ ತಕ್ಷಣವಲ್ಲ, ಉಸಿರೆಳೆದ ಎರಡು ಮೂರು ಸೆಕೆಂಡಿನ ನಂತರ ದೇಹ ಏಳುತ್ತದೆ. ಆ ತಡವನ್ನು ತಿಳಿಯದೆ ಹೊಸಬರು ಮತ್ತೆ ಮತ್ತೆ ಜಾಕೆಟ್‌ನ ಗುಂಡಿ ಒತ್ತುತ್ತಾರೆ, ಗಾಳಿ ಖರ್ಚಾಗುತ್ತದೆ, ಬುಸ್ಸೆಂದು ಮೇಲೇರುತ್ತಾರೆ.

ಅವನು ನನ್ನ ಸೊಂಟದ ಬೆಲ್ಟಿನಿಂದ ಎರಡು ಕಿಲೋ ಸೀಸ ತೆಗೆಸಿದ. ಹೊಸಬಳೆಂದು ಎಲ್ಲ ಕಡೆಯೂ ನನಗೆ ಹೆಚ್ಚು ತೂಕ ಕಟ್ಟಿದ್ದರಂತೆ. ಬೇಗ ಮುಳುಗಲಿ ಎಂದು ಹಾಗೆ ಕಟ್ಟುತ್ತಾರೆ. ಆಮೇಲೆ ಆ ತೂಕವನ್ನು ಹೊರಲು ಜಾಕೆಟ್‌ಗೆ ಗಾಳಿ, ಆ ಗಾಳಿ ತುಂಬಿದ ಜಾಕೆಟ್ಟನ್ನು ತಳ್ಳಲು ಕಾಲಿಗೆ ಕೆಲಸ. ಎರಡು ಕಿಲೋ ಇಳಿದ ಮೇಲೆ ನನ್ನ ದೇಹ ಮೊದಲ ಬಾರಿಗೆ ನೀರಿನಲ್ಲಿ ಅಡ್ಡಲಾಗಿ, ಚಾಪೆಯಂತೆ ನಿಂತಿತು. ಮೂರನೇ ಡೈವ್‌ನಲ್ಲಿ ಒಂದು ಗುಂಡು ಹವಳದ ಎದುರು ಹಾಗೆಯೇ ನಿಂತಿದ್ದೆ. ಅದರ ಒಂದು ಬಿರುಕಿನಿಂದ ಕಿರುಬೆರಳಿಗಿಂತ ಚಿಕ್ಕ ಮೀನೊಂದು ತಲೆ ಹಾಕಿ ನನ್ನನ್ನು ನೋಡಿ ಒಳಗೆ ಹೋಯಿತು. ಮತ್ತೆ ಬಂತು. ಏಳೆಂಟು ಸಲ ಆದ ಮೇಲೆ ಹೆದರಿಕೆ ಬಿಟ್ಟು ಪೂರ್ತಿ ಹೊರಬಂದು ನನ್ನ ಮಾಸ್ಕಿನ ಮುಂದೆಯೇ ಏನನ್ನೋ ಹೆಕ್ಕಿ ತಿನ್ನತೊಡಗಿತು. ಅದಕ್ಕೂ ಹಿಂದಿನ ಡೈವ್‌ಗಳಲ್ಲಿ ನಾನು ಇಂಥದ್ದನ್ನು ಕಂಡಿರಲಿಲ್ಲ, ಏಕೆಂದರೆ ಎಲ್ಲಿಯೂ ನಿಂತಿರಲಿಲ್ಲ.

ನಿಲ್ಲಲು ಬಾರದವರು ಹವಳದ ಮೇಲೆ ಕಾಲಿಡುತ್ತಾರೆ. ನಾನೂ ಇಟ್ಟಿದ್ದೇನೆ. ಐದನೇ ಡೈವ್‌ನಲ್ಲಿ ಕಾಲಿಗೆ ಹಾಕಿದ ಈಜುರೆಕ್ಕೆ (ಫಿನ್) ತಾಗಿ ಕವಲು ಹವಳದ ಒಂದು ತುಂಡು ಮುರಿಯಿತು. ಗುಂಡು ಹವಳಗಳಂತೂ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಪ್ರತಿ ಶನಿವಾರ ಭಾನುವಾರ ಬೋಟುಗಟ್ಟಲೆ ಹೊಸಬರು ಇಳಿಯುವ ನೇತ್ರಾಣಿಯಂಥ ಸಣ್ಣ ದ್ವೀಪದ ಸುತ್ತ ಇದು ಎಷ್ಟು ದಿನ ತಾಳೀತು?

ಲಾಗ್‌ಬುಕ್ ಬರೆಯಿರಿ ಎಂದು ಎಲ್ಲ ಹೊಸಬರಲ್ಲೂ ಬೇಡಿಕೊಳ್ಳುತ್ತೇನೆ. ದಿನಾಂಕ, ಜಾಗ, ಆಳ, ಸಮಯ, ತೂಕ, ಎಷ್ಟು ಗಾಳಿಯೊಂದಿಗೆ ಇಳಿದು ಎಷ್ಟರೊಂದಿಗೆ ಮೇಲೆ ಬಂದಿರಿ. ನನ್ನ ಮೊದಲ ಡೈವ್ ಒಂಬತ್ತು ಮೀಟರ್, 28 ನಿಮಿಷ, ಮೇಲೆ ಬಂದಾಗ 60 ಬಾರ್. ಇಪ್ಪತ್ತೆರಡನೇ ಡೈವ್ ಅದೇ ಒಂಬತ್ತು ಮೀಟರ್, 48 ನಿಮಿಷ, ಮೇಲೆ ಬಂದಾಗ 70. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ಸಿಕ್ಕ ಧೈರ್ಯವನ್ನು ಯಾವ ಕಾರ್ಡೂ ಕೊಟ್ಟಿರಲಿಲ್ಲ. ನೆಗಡಿಯಾಗಿ ಕಿವಿ ಬಿಡದೆ (ಅಂದರೆ ಒಳಗಿನ ಒತ್ತಡ ಹೊರಗಿನದಕ್ಕೆ ಸರಿಹೊಂದದೆ), ಕಟ್ಟಿದ ಹಣ ಹೋದರೂ ಬೋಟಿನಲ್ಲೇ ಕುಳಿತ ದಿನವನ್ನೂ ಅದರಲ್ಲಿ ಬರೆದಿದ್ದೇನೆ. ಕಿವಿಯ ವಿಷಯದಲ್ಲಿ ಹಟ ಬೇಡ. ನೋವು ಶುರುವಾಗುವ ಮೊದಲೇ, ಮೀಟರ್ ಮೀಟರ್‌ಗೂ ಮೂಗು ಹಿಡಿದು ಮೆಲ್ಲಗೆ ಊದಬೇಕು. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ನೋಡಬೇಕು, ಆಗಲೂ ಬಿಡದಿದ್ದರೆ ಆ ದಿನ ಮುಗಿಯಿತು. ನನ್ನ ವಯಸ್ಸಿನವರು ಇನ್ನೊಂದನ್ನು ಗಮನಿಸಿ: ಚಾಳೀಸು ಬಂದಿದ್ದರೆ ಮೀಟರಿನ ಅಂಕಿ ಮಸುಕಾಗಿ ಕಾಣುತ್ತದೆ. ಮಾಸ್ಕಿನ ಗಾಜಿನ ಒಳಗೆ ಅಂಟಿಸುವ ಓದುವ ಮಸೂರಗಳು ಸಿಗುತ್ತವೆ. ಎರಡು ವರ್ಷ ಅದು ತಿಳಿಯದೆ ಅಂದಾಜಿನಲ್ಲಿ ಓದುತ್ತಿದ್ದೆ.

ಘಟ್ಟದ ಮೇಲಿನವರಿಗೆ ವಿಶೇಷವಾಗಿ ಒಂದು ಮಾತು. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂದು ಹಲವರಿಗೆ ಗೊತ್ತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು ಎಂಬುದು ಒಪ್ಪಿತ ಸಲಹೆ. ದೇಹದಲ್ಲಿ ಉಳಿದ ಸಾರಜನಕ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಬಹುದು ಎಂಬುದು ಕಾರಣ. ಈ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನಮ್ಮ ಶಿರಸಿ 600ರ ಹತ್ತಿರ. ಆರೇಳು ಮೀಟರಿನ ಪರಿಚಯದ ಡೈವ್ ಮಾಡಿದವರು ಗಾಬರಿಯಾಗಬೇಕಿಲ್ಲ. ಎರಡು ದಿನ ನಾಲ್ಕೈದು ಡೈವ್ ಮಾಡಿದವರು ಅದೇ ಸಂಜೆ ಬಸ್ ಹತ್ತಿ ಘಟ್ಟ ಏರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ.

ಕಳೆದ ಚಳಿಗಾಲದಲ್ಲಿ ಬೋಟು ಹೊರಡುವ ಮುನ್ನ ಗದಗದ ಕಡೆಯ ಒಬ್ಬರು ಪಕ್ಕಕ್ಕೆ ಬಂದು, "ಮೇಡಂ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳುತ್ತೀರಾ?" ಎಂದು ಅರ್ಜಿ ತೋರಿಸಿದರು. ಆರೋಗ್ಯದ ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಎಲ್ಲಕ್ಕೂ ಇಲ್ಲ ಎಂದು ಗುರುತು ಹಾಕಿ ಸಹಿಯನ್ನೂ ಮಾಡಿದ್ದರು. ನಾನು ಒಂದೊಂದಾಗಿ ಓದುತ್ತಾ ಆಸ್ತಮಾ ಎಂದಾಗ ಅವರು ಚೀಲದಿಂದ ಇನ್ಹೇಲರ್ ತೆಗೆದು ತೋರಿಸಿದರು. ತರಬೇತುದಾರನಿಗೆ ತಿಳಿಸಿದೆ, ಅವನು ಅವರನ್ನು ಇಳಿಸಲಿಲ್ಲ. ಅವರಿಗೆ ಬೇಸರವಾಯಿತು, ಹೆಂಡತಿ ಮಕ್ಕಳು ಇಳಿಯುವುದನ್ನು ಬೋಟಿನಿಂದ ನೋಡಿದರು. ಮರಳುವಾಗ ನನ್ನ ಪಕ್ಕದಲ್ಲೇ ಕುಳಿತು, ವೈದ್ಯರನ್ನು ಕೇಳಿಕೊಂಡು ಮುಂದಿನ ವರ್ಷ ಬರುತ್ತೇನೆ ಎಂದರು.

ಈ ಅರ್ಜಿ ಕನ್ನಡದಲ್ಲಿರಬೇಕು. ಇದು ನನ್ನ ಮೊದಲ ಮನವಿ, ಸಂಬಂಧಪಟ್ಟ ಇಲಾಖೆಗೂ ಡೈವಿಂಗ್ ನಡೆಸುವವರಿಗೂ. ನೀರಿಗೆ ಇಳಿಯುವ ಮುನ್ನದ ವಿವರಣೆ, ಕೈಸನ್ನೆಗಳ ಚಿತ್ರ ಕೂಡ ಕನ್ನಡದಲ್ಲಿರಲಿ. ಟಿಕೆಟ್ ಕೊಡುವಲ್ಲಿ ಪರಿಚಯದ ಡೈವ್ ಯಾವುದು, ತರಬೇತಿ ಯಾವುದು ಎಂದು ಬೇರೆ ಬೇರೆಯಾಗಿ ಬರೆದ ಫಲಕ ಹಾಕಲಿ. ಒತ್ತಡ ಬದಲಾವಣೆಯಿಂದ ಯಾರಿಗಾದರೂ ತೊಂದರೆಯಾದರೆ ಅವರನ್ನು ಸೇರಿಸಬೇಕಾದ ಒತ್ತಡ ಕೋಣೆ ಇರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತಿನ ದಾರಿ, ಬೋಟಿನಲ್ಲಿ ಆಕ್ಸಿಜನ್ ಇದೆಯೇ ಎಂಬುದೂ ಅದೇ ಫಲಕದಲ್ಲಿರಲಿ. (ಆಕ್ಸಿಜನ್ ನಿಜವಾಗಿ ಬೇಕಾಗುವುದು ಅಲ್ಲಿ, ಪ್ರಥಮ ಚಿಕಿತ್ಸೆಗೆ.) ಕರಾವಳಿಯ ಮೀನುಗಾರ ಕುಟುಂಬಗಳ ಹುಡುಗ ಹುಡುಗಿಯರಿಗೆ ತರಬೇತುದಾರರಾಗಲು ಸರ್ಕಾರ ನೆರವು ಕೊಟ್ಟರೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ನನಗೆ ನಿಲ್ಲುವುದನ್ನು ಕಲಿಸಿದವನು ಅಂಥ ಮನೆಯವನೇ.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪುರವಣಿಯ ಆ ಸಾಲಿಗೂ, ಆಕ್ಸಿಜನ್ ಸಿಲಿಂಡರ್ ಎಂಬ ಮಾತಿಗೂ ಒಂದು ಚಿಕ್ಕ ತಿದ್ದುಪಡಿ ಪ್ರಕಟಿಸಿ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ನವೆಂಬರ್‌ನಲ್ಲಿ ಮತ್ತೆ ಹೋಗುತ್ತಿದ್ದೇನೆ. ಈ ಸಲ ಮಗಳೂ ಜೊತೆಗಿದ್ದಾಳೆ. ಅವಳ ಕೋರ್ಸ್ ಮೇ ತಿಂಗಳಲ್ಲಿ ಮುಗಿದಿದೆ. ಇದು ಅವಳ ಐದನೇ ಡೈವ್, ನನ್ನ ಮೂವತ್ತೆರಡನೆಯದು. ಹನ್ನೆರಡು ಮೀಟರ್‌ಗಿಂತ ಕೆಳಗೆ ಹೋಗುವುದಿಲ್ಲ, ನೂರು ಬಾರ್‌ಗೆ ಬೋಟಿನ ಕಡೆ ತಿರುಗುತ್ತೇವೆ, ಇಬ್ಬರಲ್ಲಿ ಯಾರ ಹೆಬ್ಬೆರಳು ಎದ್ದರೂ ಮೇಲೆ ಬರುತ್ತೇವೆ ಎಂದು ಊಟದ ಮನೆಯಲ್ಲಿ ಕುಳಿತೇ ಮಾತನಾಡಿಕೊಂಡಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರ ಉಪನ್ಯಾಸಕಿ, ಶಿರಸಿ